ಕ್ಷೌರದಂಗಡಿಗೆ ಹೋದ ಪತ್ರ

ಶಾಲೆಯ ಮುಖ್ಯೋಪಾಧ್ಯಾಯರು ಪತ್ರ ಬರೆಯುವುದು ಸಾಮಾನ್ಯವಾಗಿ ಪೋಷಕರಿಗೆ, ಇಲ್ಲವೇ ಕ್ಷೇತ್ರ ಶಿಕ್ಷಣಾಧಿಕಾರಿಗೆ. ಆದರೆ 2023ರಲ್ಲಿ ಬಾಗಲಕೋಟೆ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯರು ಬರೆದ ಪತ್ರ ಊರಿನ ಕ್ಷೌರದಂಗಡಿಗೆ ಹೋಯಿತು. ವಿದ್ಯಾರ್ಥಿಗಳಿಗೆ 'ಹೆಬ್ಬುಲಿ ಕಟಿಂಗ್' ಮಾಡಬೇಡಿ ಎಂಬುದು ಅದರ ಒಕ್ಕಣೆ. ಸುದೀಪ್ ನಾಯಕರಾಗಿ 2017ರಲ್ಲಿ ತೆರೆಕಂಡ 'ಹೆಬ್ಬುಲಿ' ಚಿತ್ರದ ಕೇಶಶೈಲಿಯದು. ಕಿವಿಯ ಮೇಲ್ಭಾಗವನ್ನು ನುಣ್ಣಗೆ ಇಳಿಸಿ, ನೆತ್ತಿಯ ಮೇಲೆ ಮಾತ್ರ ದಟ್ಟವಾಗಿ ಕೂದಲು ಉಳಿಸುವ ಬಗೆ.

ಪತ್ರ ಮೊಬೈಲ್‌ನಿಂದ ಮೊಬೈಲ್‌ಗೆ ಹರಿದು ರಾಜ್ಯವೆಲ್ಲ ನಕ್ಕಿತು. ನಗುವಂಥದ್ದೇನೋ ಅದರಲ್ಲಿತ್ತು, ನಿಜ. ಆದರೆ ಆ ಮುಖ್ಯೋಪಾಧ್ಯಾಯರು ಕೈಗೆತ್ತಿಕೊಂಡದ್ದು ಲೇಖನಿಯನ್ನು, ಕತ್ತರಿಯನ್ನಲ್ಲ ಎಂಬ ಅಂಶ ಯಾರ ಗಮನಕ್ಕೂ ಬಂದಂತಿಲ್ಲ. ನೆರೆಯ ಆಂಧ್ರಪ್ರದೇಶದ ಅಲ್ಲೂರಿ ಸೀತಾರಾಮರಾಜು ಜಿಲ್ಲೆಯ ಜಿ. ಮಾಡುಗುಲದಲ್ಲಿ 2024ರ ನವೆಂಬರಿನಲ್ಲಿ ನಡೆದದ್ದೇ ಬೇರೆ. ಅಲ್ಲಿನ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯದ ಮುಖ್ಯಸ್ಥೆಯೇ 18 ವಿದ್ಯಾರ್ಥಿನಿಯರ ಕೂದಲು ಕತ್ತರಿಸಿದ ಪ್ರಕರಣ ವಿಚಾರಣೆಗೆ ಒಳಗಾಯಿತು. ಆ ಹುಡುಗಿಯರ ತಪ್ಪು ಕೇಶಶೈಲಿಯದೂ ಆಗಿರಲಿಲ್ಲ. ಬೆಳಗಿನ ಪ್ರಾರ್ಥನೆಗೆ ಸಕಾಲಕ್ಕೆ ಬಾರದ್ದು. ಕೂದಲು ಅಲ್ಲಿ ನೇರವಾಗಿ ಶಿಕ್ಷೆಯ ಸಾಧನವಾಯಿತು.

ಸಮವಸ್ತ್ರಕ್ಕೂ ಕೂದಲಿಗೂ ಒಂದೇ ನಿಯಮ ಸಾಕು ಎಂದು ಬಹಳಷ್ಟು ಶಾಲೆಗಳು ಭಾವಿಸಿವೆ. ಇದು ಮೂಲದಲ್ಲೇ ತಪ್ಪಿದ ಹೋಲಿಕೆ. ಸಮವಸ್ತ್ರವನ್ನು ಹುಡುಗ ಸಂಜೆ ಮನೆಗೆ ಬಂದೊಡನೆ ಕಳಚಿ ಮೊಳೆಗೆ ನೇತುಹಾಕುತ್ತಾನೆ. ಕೂದಲು ಅವನೊಡನೆ ಊಟಕ್ಕೆ ಕೂರುತ್ತದೆ, ಜಾತ್ರೆಗೆ ಹೋಗುತ್ತದೆ, ಬೇಸಿಗೆ ರಜೆಯಲ್ಲೂ ತಲೆಯ ಮೇಲೇ ಇರುತ್ತದೆ. ಅಂದರೆ ಕೂದಲಿನ ಮೇಲೆ ಹೊರಡುವ ಆಜ್ಞೆ ಶಾಲೆಯ ಗಂಟೆಗೆ ಮುಗಿಯುವುದಿಲ್ಲ. ತಿರುಪತಿಗೆ ಮುಡಿ ಕೊಡುವ ಹರಕೆ ಹೊತ್ತ ಮನೆಯ ಹುಡುಗ ತಿಂಗಳುಗಟ್ಟಲೆ ಕೂದಲು ಬಿಟ್ಟಿರಬಹುದು. ಶಾಲೆಯ ಬಾಗಿಲಲ್ಲಿ ನಿಂತ ದೈಹಿಕ ಶಿಕ್ಷಣ ಶಿಕ್ಷಕರಿಗೆ ಅದು ಹರಕೆಯೋ ಸಿನಿಮಾ ಹುಚ್ಚೋ ತಿಳಿಯುವ ಬಗೆ ಯಾವುದು?

ಕಾನೂನು ಈ ವಿಷಯದಲ್ಲಿ ನೇರವಾಗಿ ಮಾತನಾಡಿಲ್ಲ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಪ್ರಕರಣ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ತರಗತಿಯ ಮುಂದೆ ನಿಲ್ಲಿಸಿ ಕೂದಲು ಕತ್ತರಿಸುವುದು ಈ ಎರಡರಲ್ಲಿ ಒಂದಂತೂ ಹೌದು. ಆದರೆ ಆ ಕಾಯ್ದೆಯ ವ್ಯಾಪ್ತಿ 6ರಿಂದ 14 ವರ್ಷದ ಮಕ್ಕಳದು. ಕೂದಲಿನ ತಂಟೆ ಹೆಚ್ಚಾಗಿ ಹುಟ್ಟುವುದು ಮೀಸೆ ಚಿಗುರುವ ವಯಸ್ಸಿನಲ್ಲಿ, ಒಂಬತ್ತು ಹತ್ತನೇ ತರಗತಿಗಳಲ್ಲಿ. ಅಲ್ಲಿಗೆ ತಲುಪುವ ಹೊತ್ತಿಗೆ ಕಾಯ್ದೆಯ ಕೊಡೆ ಮಡಚಿಕೊಂಡಿರುತ್ತದೆ. ಬಳಿಕ ಉಳಿಯುವುದು 2015ರ ಬಾಲನ್ಯಾಯ ಕಾಯ್ದೆಯ 75ನೇ ಪ್ರಕರಣ. 18 ತುಂಬದ ಎಲ್ಲರಿಗೂ ಅದು ಅನ್ವಯಿಸುತ್ತದೆ, ಕ್ರೌರ್ಯಕ್ಕೆ ಮೂರು ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ. ಆದರೆ ಒಂದು ಹಿಡಿ ಕೂದಲಿಗಾಗಿ ಮೇಷ್ಟರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲು ಎಷ್ಟು ತಂದೆತಾಯಿಗಳು ಮುಂದಾದಾರು?

ಹಾಗೆ ನೋಡಿದರೆ ಈ ಜಗಳವನ್ನು ನ್ಯಾಯಾಲಯದವರೆಗೆ ಎಳೆದು ತಂದ ದೇಶ ಜಪಾನ್. ಒಸಾಕಾ ಪ್ರಾಂತ್ಯದ ಪ್ರೌಢಶಾಲೆಯೊಂದರ ವಿದ್ಯಾರ್ಥಿನಿ, ತನ್ನ ಕೂದಲು ಹುಟ್ಟಿನಿಂದಲೇ ಕಂದು ಬಣ್ಣದ್ದು, ಆದರೂ ಕಪ್ಪು ಬಣ್ಣ ಬಳಿದುಕೊಳ್ಳುವಂತೆ ಶಾಲೆ ಪದೇ ಪದೇ ಒತ್ತಾಯಿಸಿತು ಎಂದು 2017ರಲ್ಲಿ ದಾವೆ ಹೂಡಿದಳು. ಅಷ್ಟರಲ್ಲಿ ಅವಳು ಶಾಲೆಗೆ ಹೋಗುವುದನ್ನೇ ಬಿಟ್ಟಿದ್ದಳು. 2021ರ ಫೆಬ್ರುವರಿಯಲ್ಲಿ ಬಂದ ತೀರ್ಪು ಎರಡೂ ಕಡೆಯವರನ್ನು ತೃಪ್ತಿಪಡಿಸಲಿಲ್ಲ. ಕೂದಲಿನ ನಿಯಮವಾಗಲಿ, ಅದನ್ನು ಜಾರಿಗೊಳಿಸಿದ ರೀತಿಯಾಗಲಿ ಕಾನೂನುಬಾಹಿರವಲ್ಲ ಎಂದಿತು ಒಸಾಕಾ ಜಿಲ್ಲಾ ನ್ಯಾಯಾಲಯ. ಆದರೆ ಹುಡುಗಿ ಬಾರದಿದ್ದಾಗ ತರಗತಿಯಿಂದ ಅವಳ ಮೇಜನ್ನೇ ತೆಗೆಸಿ, ಪಟ್ಟಿಯಿಂದ ಹೆಸರು ಕೈಬಿಟ್ಟದ್ದು ತಪ್ಪೆಂದು ಹೇಳಿ 3,30,000 ಯೆನ್ ಪರಿಹಾರ ಕೊಡಿಸಿತು.

ನಿಯಮ ಗೆದ್ದಿತು, ಶಾಲೆ ಸೋತಿತು. ಈ ತೀರ್ಪಿನಲ್ಲಿ ನಮ್ಮ ಶಾಲೆಗಳಿಗೂ ಬೇಕಾದ ವಿವೇಚನೆಯಿದೆ ಎಂದು ಈ ಲೇಖಕನಿಗೆ ತೋರುತ್ತದೆ. ಕೂದಲು ಹೇಗಿರಬೇಕೆಂದು ಹೇಳುವುದು ಒಂದು, ಹಾಗಿಲ್ಲವೆಂದು ಮಗುವನ್ನು ಪಾಠದಿಂದ ಹೊರಗಿಡುವುದು ಇನ್ನೊಂದು. 'ಕಟಿಂಗ್ ಮಾಡಿಸಿಕೊಂಡು ಬಾ' ಎಂದು ಗೇಟಿನಿಂದಲೇ ಹಿಂದಕ್ಕೆ ಕಳಿಸಿದ ಹುಡುಗ ಅಂದು ಗಣಿತದ ಪಾಠವನ್ನು ಕಳೆದುಕೊಂಡ. ಮನೆಯಲ್ಲಿ ಕ್ಷೌರಕ್ಕೆ ಹಣ ಸಿಗದಿದ್ದರೆ ಮರುದಿನದ ಪಾಠವನ್ನೂ.

ಟೋಕಿಯೊದ ಕತೆ ನಮಗೆ ಇನ್ನೂ ಹತ್ತಿರದ್ದು. ಪಕ್ಕಗಳನ್ನು ಇಳಿಸಿ ಮೇಲೆ ಉದ್ದ ಬಿಡುವ 'ಟೂ ಬ್ಲಾಕ್' ಶೈಲಿಗೆ ಅಲ್ಲಿನ ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ನಿಷೇಧವಿತ್ತು. ನಮ್ಮ ಹೆಬ್ಬುಲಿಯ ದೂರದ ಬಂಧು ಎನ್ನಬಹುದು. ಕಾರಣವೇನೆಂದು 2020ರಲ್ಲಿ ಮಹಾನಗರ ಸಭೆಯಲ್ಲಿ ಪ್ರಶ್ನೆ ಬಂದಾಗ, ಅಂಥ ತಲೆಯಿಂದ ಮಕ್ಕಳು ಅನಾಹುತಕ್ಕೆ ಸಿಲುಕುವ ಸಂಭವವಿದೆ ಎಂಬರ್ಥದ ಉತ್ತರ ಬಂತು. ಎರಡು ವರ್ಷ ಕಳೆಯುವಷ್ಟರಲ್ಲಿ, 2022ರ ಏಪ್ರಿಲ್‌ನಿಂದ, ಆ ನಿಷೇಧವೂ ಕಪ್ಪು ಕೂದಲಿನ ಕಡ್ಡಾಯವೂ ಟೋಕಿಯೊದ ಸರ್ಕಾರಿ ಶಾಲೆಗಳಿಂದ ಹೊರಟುಹೋದವು. 2025ರ ಮಾರ್ಚ್‌ನಲ್ಲಿ ಥಾಯ್ಲೆಂಡ್‌ನ ಸರ್ವೋಚ್ಚ ಆಡಳಿತಾತ್ಮಕ ನ್ಯಾಯಾಲಯ ವಿದ್ಯಾರ್ಥಿಗಳ ಕೂದಲಿನ ಬಗೆಗಿನ 1975ರ ನಿಯಮಗಳನ್ನು ರದ್ದುಪಡಿಸಿತು.

ಇಷ್ಟಕ್ಕೂ ಶಿಸ್ತಿನ ತಲೆ ಎಂದರೆ ಯಾವುದು? ನೂರು ವರ್ಷಗಳ ಹಿಂದೆ ಹಳೆಯ ಮೈಸೂರಿನ ಮಡಿವಂತ ಮನೆಗಳಲ್ಲಿ ಹುಡುಗ ಜುಟ್ಟು ತೆಗೆಸಿ ಕ್ರಾಪು ಬಿಟ್ಟರೆ ಮನೆಯೇ ಹೊತ್ತಿ ಉರಿಯುತ್ತಿತ್ತು. ಇಂದು ಅದೇ ಕ್ರಾಪು ಶಾಲೆಗಳ ಕೈಪಿಡಿಯಲ್ಲಿ ಸಭ್ಯತೆಯ ಮಾದರಿ. ಹೆಣ್ಣುಮಕ್ಕಳ ಎಣ್ಣೆ ಹಚ್ಚಿದ ಎರಡು ಜಡೆ, ರಿಬ್ಬನ್ನು ಮಾತ್ರ ಯಾರ ಪ್ರಶ್ನೆಗೂ ಒಳಗಾಗದೆ ಮುಂದುವರಿದಿದೆ.

ಶಿಕ್ಷಕರ ಪಾಡನ್ನು ಹೇಳದಿದ್ದರೆ ಈ ವಿಶ್ಲೇಷಣೆ ಏಕಪಕ್ಷೀಯವಾದೀತು. 2025ರ ಜುಲೈ 10, ಗುರುಪೂರ್ಣಿಮೆಯ ದಿನ, ಹರಿಯಾಣದ ಹಿಸಾರ್ ಜಿಲ್ಲೆಯ ಖಾಸಗಿ ಶಾಲೆಯೊಂದರ ಪ್ರಾಂಶುಪಾಲರನ್ನು ವಿದ್ಯಾರ್ಥಿಗಳೇ ಶಾಲೆಯ ಆವರಣದಲ್ಲಿ ಇರಿದು ಕೊಂದರೆಂಬ ಸುದ್ದಿ ದೇಶವನ್ನು ತಲ್ಲಣಗೊಳಿಸಿತು. ಕೂದಲು ಕತ್ತರಿಸಿಕೊಂಡು, ಶಿಸ್ತಿನಿಂದ ಶಾಲೆಗೆ ಬರುವಂತೆ ಅವರು ಹೇಳಿದ್ದರು ಎಂಬುದು ಪೊಲೀಸರು ಮೊದಲಿಗೆ ಕೊಟ್ಟ ಕಾರಣ. ಕೂದಲಿನ ಮಾತಿನಿಂದಲೇ ಕೊಲೆ ನಡೆಯಿತೆಂದು ತೀರ್ಮಾನಿಸುವುದು ಅವಸರವಾದೀತು. ಅಂಥ ದ್ವೇಷ ಒಂದು ಮಾತಿನಲ್ಲಿ ಹುಟ್ಟುವುದಿಲ್ಲ. ಆದರೆ ಆ ಸುದ್ದಿ ಓದಿದ ಬಳಿಕ ತರಗತಿಯ ಕೊನೆಯ ಬೆಂಚಿನತ್ತ ನೋಡಿ ಸುಮ್ಮನಾದ ಶಿಕ್ಷಕರ ಮೌನ ಅರ್ಥವಾಗದ್ದೇನಲ್ಲ.

ಶಿಕ್ಷಕರ ಕೈಯಿಂದ ಬೆತ್ತ ಹೋಗಿದೆ, ಹೋಗಬೇಕಾದದ್ದೇ. ಬದಲಿಗೆ ಏನನ್ನು ಕೊಟ್ಟಿದ್ದೇವೆ? ಆಪ್ತ ಸಮಾಲೋಚಕರಿರುವ ಸರ್ಕಾರಿ ಪ್ರೌಢಶಾಲೆ ನಮ್ಮಲ್ಲಿ ಅಪರೂಪ. ಇತ್ತ ಪೋಷಕರೇ ಬಂದು 'ಎರಡು ಬಾರಿಸಿ ಬುದ್ಧಿ ಹೇಳಿ ಸಾರ್' ಎನ್ನುತ್ತಾರೆ. ಬಾರಿಸಿದರೆ ಮರುದಿನ ಠಾಣೆಯ ಮೆಟ್ಟಿಲು. ಹುಡುಗನಿಗೆ ಭಿನ್ನರಾಶಿ ಬಾರದಿರುವುದು ಪರೀಕ್ಷೆಯವರೆಗೆ ಕಣ್ಣಿಗೆ ಬೀಳುವುದಿಲ್ಲ, ಕಿವಿಯ ಮೇಲಿನ ಗೆರೆ ಮಾತ್ರ ಸಾಲಿನಲ್ಲಿ ನಿಂತಾಗಲೇ ಕಾಣುತ್ತದೆ. ಹೀಗಾಗಿ ಶಾಲೆಯ ಅಧಿಕಾರವೆಲ್ಲ ಸುಲಭವಾಗಿ ಕಾಣುವ, ಸುಲಭವಾಗಿ ಅಳೆಯಬಹುದಾದ ಆ ಗೆರೆಯ ಮೇಲೆ ಬಂದು ಕುಳಿತಿದೆ.

ದಾರಿ ಇಲ್ಲವೆಂದಲ್ಲ. ಸರ್ಕಾರಿ ಶಾಲೆಗಳಲ್ಲಿ ಪೋಷಕರನ್ನೊಳಗೊಂಡ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಕೂದಲಿನ ನಿಯಮ ಬೇಕೇ, ಬೇಕಿದ್ದರೆ ಎಷ್ಟು, ಮೀರಿದರೆ ಏನು ಎಂಬುದನ್ನು ಜೂನ್ ತಿಂಗಳಲ್ಲೇ ಅಲ್ಲಿ ಚರ್ಚಿಸಿ ಬರೆದಿಡಬಹುದು. ಹುಡುಗರನ್ನೂ ಅಲ್ಲಿ ಕೂರಿಸಿಕೊಳ್ಳಬಹುದು. ಸದ್ಯಕ್ಕೆ ಈ ಸಮಿತಿಗಳ ಬಹುಪಾಲು ಸಭೆಗಳು ಬಿಸಿಯೂಟ, ಕೊಠಡಿ ದುರಸ್ತಿಯಲ್ಲೇ ಮುಗಿಯುತ್ತವೆ.

ಇನ್ನು ಆ ಕ್ಷೌರದಂಗಡಿ. ಊರಿನ ಶಾಲೆಯ ಮಾತು ಮೀರುವುದು ಅಂಗಡಿಯವನಿಗೆ ಕಷ್ಟ. ಹಾಗೆಂದು ಭಾನುವಾರದ ಗಿರಾಕಿಯನ್ನು ಹಿಂದಕ್ಕೆ ಕಳಿಸಿದರೆ, ಹುಡುಗ ಮುಂದಿನ ಬಸ್ಸು ಹತ್ತಿ ಪಕ್ಕದ ಪಟ್ಟಣಕ್ಕೆ ಹೋಗುತ್ತಾನೆ. ಅಲ್ಲಿನ ಅಂಗಡಿಗೆ ಯಾವ ಮುಖ್ಯೋಪಾಧ್ಯಾಯರ ಪತ್ರವೂ ತಲುಪಿರುವುದಿಲ್ಲ.