ಬಾಟಲಿ ಮೇಲೆ ಹಂಪಿ, ರೈತನ ಕೈಯಲ್ಲಿ ಏನು?

ಹಂಪಿಗೆ ಬರುವ ಪ್ರವಾಸಿಗರು ದುಡ್ಡು ಬಿಚ್ಚಬೇಕೆಂದರೆ ದ್ರಾಕ್ಷಿ ತೋಟ ಬೇಕು, ಪಕ್ಕದಲ್ಲೇ ವೈನ್ ರುಚಿ ನೋಡುವ ಮನೆ ಬೇಕು, ರೆಸಾರ್ಟ್ ಬೇಕು, ಸ್ಪೇನ್ ದೇಶದವರು ಹೀಗೇ ಮಾಡಿ ಉದ್ಧಾರವಾದರು ಎಂಬ ಮಾತು ನಮ್ಮ ಕಡೆ ಆಗಾಗ ಕೇಳಿಬರುತ್ತದೆ. ಹೇಳುವವರು ಸ್ಪೇನಿನ ಗ್ಲಾಸ್ ತೋರಿಸುತ್ತಾರೆ. ಆ ಗ್ಲಾಸಿನ ಹಿಂದಿರುವ ಕಟ್ಟಳೆಯನ್ನು ತೋರಿಸುವುದಿಲ್ಲ. ನನ್ನ ತಕರಾರು ಇರುವುದು ಅಲ್ಲಿ.

ಮೊದಲೇ ಹೇಳಿಬಿಡುತ್ತೇನೆ, ಇದು ಕುಡಿಯಿರಿ ಎನ್ನುವ ಲೇಖನ ಅಲ್ಲ. 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿತು. ಅದೇ ವರ್ಷ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ಸಾರಾಯಿ ಹೋದ ಊರಿಗೆ 90 ಎಂ.ಎಲ್. ಪ್ಯಾಕೆಟ್ ಬಂತು, ಅದು ನಿಮಗೇ ಗೊತ್ತು. ವೈನ್ ನೀತಿ ಮಾತ್ರ ದ್ರಾಕ್ಷಿ ಬೆಳೆಗಾರರ ಹೆಸರು ಹೇಳಿಕೊಂಡು ಬಂತು. ಹಾಗಾದರೆ ಬೆಳೆಗಾರರ ಲೆಕ್ಕದಲ್ಲೇ ಅದನ್ನು ಅಳೆಯಬೇಕಲ್ಲವೇ? "ವೈನ್ ಅಂದ್ರೆ ಹೆಂಡ, ಅದರ ಮಾತೇ ಬ್ಯಾಡ" ಎಂದು ಎದ್ದು ಹೋಗುವ ಹಿರಿಯರಿಗೂ ಒಂದು ಮಾತು: ನೀವು ಎದ್ದು ಹೋದ ಮೇಲೆ ಕರಾರು ಬರೆಯುವವರು ಇನ್ಯಾರೋ ಆಗಿರುತ್ತಾರೆ.

ಸ್ಪೇನಿನ ಉತ್ತರದಲ್ಲಿ ಎಬ್ರೊ ಎಂಬ ನದಿ ಇದೆ. ಅದರ ಎರಡೂ ದಂಡೆಗೆ ಹಬ್ಬಿದ್ದು ರಿಯೋಹಾ ಸೀಮೆ. ಸುಮಾರು 65 ಸಾವಿರ ಹೆಕ್ಟೇರ್ ದ್ರಾಕ್ಷಿ, ಅದರಲ್ಲಿ ಹೆಚ್ಚಿನದು ಟೆಂಪ್ರನಿಯೊ ಎಂಬ ಕಪ್ಪು ತಳಿ. ಕೆಲವು ಕಡೆ ಮಣ್ಣು ಕಬ್ಬಿಣದಂಶದ ಕೆಂಪು ಜೇಡಿ. ಸಂಡೂರಿನವರಿಗೆ ಅದರ ಪರಿಚಯ ಮಾಡಿಕೊಡಬೇಕಿಲ್ಲ. ಅವರು ಅಂಥ ಮಣ್ಣಲ್ಲಿ ಬಳ್ಳಿ ಹಬ್ಬಿಸಿದರು, ನಾವು ಮಣ್ಣನ್ನೇ ಅಗೆದು ಲಾರಿಗೆ ಹಾಕಿದೆವು. (ಅದು ಬೇರೆ ಜಗಳ, ಇನ್ನೊಂದು ದಿನ ಆಡೋಣ.)

ಹಿಂದೆ ಅಲ್ಲಿಯವರು ಬಂಡೆಯಲ್ಲೇ ತೊಟ್ಟಿ ಕೊರೆದು ದ್ರಾಕ್ಷಿ ತುಳಿಯುತ್ತಿದ್ದರು. ಆ ತೊಟ್ಟಿಗಳು ಇವತ್ತಿಗೂ ತೋಟಗಳ ನಡುವೆ ಇವೆ. ಗೊಂಚಲನ್ನು ಬಿಡಿಸದೆ ಇಡಿಯಾಗಿ ತೊಟ್ಟಿಗೆ ಹಾಕಿ ಹುದುಗಿಸಿ, ಎಳೆಯ ವೈನನ್ನೇ ಮಾರುವ ಸಣ್ಣ ರೈತರು ಈಗಲೂ ಇದ್ದಾರೆ. 19ನೇ ಶತಮಾನದಲ್ಲಿ ಫ್ರಾನ್ಸಿನ ತೋಟಗಳಿಗೆ ಬೇರು ತಿನ್ನುವ ಫಿಲಾಕ್ಸೆರಾ ಕೀಟ ಬಿದ್ದಾಗ ಅಲ್ಲಿನ ವ್ಯಾಪಾರಿಗಳು ಗಡಿ ದಾಟಿ ಇಲ್ಲಿಗೆ ಬಂದರು. 225 ಲೀಟರಿನ ಓಕ್ ಮರದ ಪೀಪಾಯಿಯಲ್ಲಿ ವೈನ್ ಹದ ಮಾಡುವ ಪದ್ಧತಿ ಆ ಕಾಲದಲ್ಲಿ ಬೇರೂರಿತು.

ಈಗ ಕಟ್ಟಳೆಗೆ ಬನ್ನಿ. ರಿಯೋಹಾ ಎಂಬ ಹೆಸರಿಗೆ 1925ರಲ್ಲೇ ಕಾನೂನಿನ ಮಾನ್ಯತೆ ಸಿಕ್ಕಿತು. ಬಾಟಲಿ ಮೇಲೆ 'ಕ್ರಿಯಾಂಸಾ' ಎಂದು ಬರೆಯಬೇಕಾದರೆ ಕೆಂಪು ವೈನ್ ಎರಡು ವರ್ಷ ಹದವಾಗಿರಬೇಕು, 'ರಿಸರ್ವಾ' ಎಂದರೆ ಮೂರು, 'ಗ್ರಾನ್ ರಿಸರ್ವಾ' ಎಂದರೆ ಐದು. ಬಾಟಲಿಗೆ ತುಂಬುವ ಕೆಲಸವೂ ಆ ಸೀಮೆಯೊಳಗೇ ಆಗಬೇಕು, ಟ್ಯಾಂಕರಿನಲ್ಲಿ ಹೊರಗೆ ಒಯ್ದು ತುಂಬಿಸುವ ಹಾಗಿಲ್ಲ. ಅಂದರೆ ಕೂಲಿಯೂ ಅಲ್ಲೇ ಉಳಿಯುತ್ತದೆ. ಕೆಂಪು ದ್ರಾಕ್ಷಿಯ ಇಳುವರಿಗೆ ಮಿತಿ ಇದೆ, ಹೆಕ್ಟೇರಿಗೆ 6,500 ಕೆ.ಜಿ. ನಮ್ಮ ಲೆಕ್ಕದಲ್ಲಿ ಎಕರೆಗೆ 26 ಕ್ವಿಂಟಲ್, 75 ಕೆ.ಜಿ. ಚೀಲದಲ್ಲಿ 35 ಚೀಲ. ಕಂಪ್ಲಿ ಗದ್ದೆಯಲ್ಲಿ ಭತ್ತವೇ ಅಷ್ಟು ಬರುತ್ತದೆ! ಅಷ್ಟು ಕಡಿಮೆ ಬೆಳೆದು ಬದುಕಬೇಕಾದರೆ ಹೆಸರಿಗೆ ಬೆಲೆ ಇರಬೇಕು, ಆ ಬೆಲೆಯ ಪಾಲು ಬೆಳೆದವನಿಗೆ ಬರಬೇಕು. ಅದಕ್ಕೇ ರಿಯೋಹಾದ ಸಂಘಟನೆಯಲ್ಲಿ ಅರ್ಧ ಮತ ಬೆಳೆಗಾರರದು, ಅರ್ಧ ವೈನ್ ಕಾರ್ಖಾನೆಗಳದು.

ನಮ್ಮಲ್ಲಿ ಅಂಥದ್ದು ಎಲ್ಲಿದೆ?

ಈ ನೆಲಕ್ಕೆ ದ್ರಾಕ್ಷಿ ಹೊಸದೇನಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಪೇಟೆಯಲ್ಲಿ ಒಂದು ಹಣಕ್ಕೆ ಮೂರು ಗೊಂಚಲು ದ್ರಾಕ್ಷಿ ಸಿಗುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಇವತ್ತು ಕೊಪ್ಪಳ ಜಿಲ್ಲೆಯ ಕೃಸ್ಮಾ ಎಸ್ಟೇಟ್ಸ್ ತನ್ನದೇ ತೋಟದ ದ್ರಾಕ್ಷಿಯಿಂದ ಕೆಂಪು ವೈನ್ ಮಾಡಿ 'ಹಂಪಿ ಹಿಲ್ಸ್' ಎಂದು ಹೆಸರು ಹಾಕುತ್ತದೆ. ಅದು ತಪ್ಪು ಎನ್ನುತ್ತಿಲ್ಲ, ಅವರ ಜಮೀನು, ಅವರ ಬಂಡವಾಳ. ಆದರೆ ನಾಳೆ ಯಾರೋ ಎಲ್ಲಿಂದಲೋ ದ್ರಾಕ್ಷಿ ತಂದು ಹಂಪಿ ಹೆಸರು ಅಂಟಿಸಿದರೆ ಕೇಳುವುದಕ್ಕೆ ನಮ್ಮ ರೈತರ ಬಳಿ ಒಂದು ಕಾಗದವೂ ಇಲ್ಲ. ನಾಸಿಕ್ ಕಣಿವೆಯ ವೈನಿಗೆ ಜಿಐ ಟ್ಯಾಗ್ ಇದೆ. ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಸಿಕ್ಕಿತು. ಅಷ್ಟು ದೂರ ಯಾಕೆ, ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲೇ ಸಿಕ್ಕಿದೆ. ಸೂಜಿ ಹಿಡಿದ ನಮ್ಮ ತಾಂಡಾದ ಅಕ್ಕಂದಿರ ಕೆಲಸಕ್ಕೆ ಇರುವ ರಕ್ಷಣೆ, ಕೋಟಿಗಟ್ಟಲೆ ವಹಿವಾಟಿನ ಕನಸು ಮಾರುವವರ ಯೋಜನೆಯಲ್ಲಿ ಬೆಳೆಗಾರನಿಗೆ ಇಲ್ಲ.

ಇನ್ನೊಂದು ಅಪಾಯ ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ತಿನ್ನುವ ದ್ರಾಕ್ಷಿ ಮಾರಾಟವಾಗದಿದ್ದರೆ ವಿಜಯಪುರದವರ ಹಾಗೆ ಒಣದ್ರಾಕ್ಷಿ ಮಾಡಬಹುದು. ವೈನಿನ ತಳಿ ಸಣ್ಣ ಕಾಯಿ, ತುಂಬ ಬೀಜ, ಸಂತೆಯಲ್ಲಿ ಯಾರೂ ಕೊಳ್ಳುವುದಿಲ್ಲ. ಕಾರ್ಖಾನೆಯವರು ಬೇಡ ಎಂದ ದಿನ ನಿಮಗೆ ಎರಡನೇ ಗಿರಾಕಿ ಇಲ್ಲ. ಕಬ್ಬಿಗೆ ಒಂದೇ ಬಾಗಿಲು ನಂಬಿದ್ದ ಹೊಸಪೇಟೆಯ ರೈತರಿಗೆ, ಚಿತ್ತವಾಡ್ಗಿಯ ಸಕ್ಕರೆ ಕಾರ್ಖಾನೆ ಮುಚ್ಚಿದಾಗ ಏನಾಯಿತೆಂದು ನೆನಪಿದೆ. ಅಷ್ಟು ಕಟ್ಟಳೆ ಇರುವ ರಿಯೋಹಾದಲ್ಲೇ 2023ರಲ್ಲಿ ಮಾರಾಟವಾಗದ ಕೆಂಪು ವೈನನ್ನು ಬಟ್ಟಿ ಇಳಿಸಲು ಸರ್ಕಾರ ಹಣ ಕೊಡಬೇಕಾಯಿತು. ಕಟ್ಟಳೆಯೇ ಇಲ್ಲದ ಕಡೆ ಆ ನಷ್ಟ ಯಾರ ತಲೆಗೆ?

ದ್ರಾಕ್ಷಿ ಬೇಡವೇ ಬೇಡ ಎನ್ನುವುದಿಲ್ಲ. ಕಾಲುವೆಯ ಕೊನೆಯಲ್ಲಿ ನೀರು ಸಿಗದೆ ಒದ್ದಾಡುವವರಿಗೆ, ಭತ್ತ ಕಬ್ಬಿಗಿಂತ ಹನಿ ನೀರಾವರಿಯ ದ್ರಾಕ್ಷಿ ವಾಸಿ ಇರಬಹುದು. ಆದರೆ ವೈನ್ ಟೂರಿಸಂ ಎಂದು ಯಾರಾದರೂ ಗ್ರಾಮಸಭೆಗೆ ಬಂದರೆ ಸುಮ್ಮನೆ ಚಪ್ಪಾಳೆ ತಟ್ಟಬೇಡಿ. ಎಷ್ಟು ವರ್ಷಕ್ಕೆ ಖರೀದಿ, ಯಾವ ದರಕ್ಕೆ, ಬಾಂಡ್ ಪೇಪರ್ ಮೇಲೆ ಬರೆದುಕೊಡಿ ಎನ್ನಿ. ಹಂಪಿ ಹೆಸರಿನ ನೋಂದಣಿ ಬೆಳೆಗಾರರ ಸಂಘದ ಹೆಸರಲ್ಲಿ ಆಗಬೇಕು ಎನ್ನಿ. ಸಮಿತಿಯಲ್ಲಿ ಅರ್ಧ ಕುರ್ಚಿ ಕೇಳಿ. ಅಷ್ಟು ಕೇಳಿದ್ದಕ್ಕೇ ಅವರು ಕಾರು ಹತ್ತಿ ಹೊರಟರೆ, ಆ ವರ್ಷವೂ ಬಾಳೆ ಹಾಕಿ.