ಬಡಾವಣೆಯ ಉದ್ಯಾನ ಯಾರ ಕೈಯಲ್ಲಿರಬೇಕು?

ಮಲೆನಾಡಿನ ಪಟ್ಟಣಗಳ ಅಂಚಿನಲ್ಲಿ ಇಂದು ಬಡಾವಣೆಗಳು ಏಳುತ್ತಿರುವುದು ಖಾಲಿ ನೆಲದ ಮೇಲಲ್ಲ. ಗದ್ದೆ, ಬ್ಯಾಣ, ಬೆಟ್ಟಗಳ ಮೇಲೆ. ಗುಡ್ಡ ಸವರಿ ನಿವೇಶನ ಮಾಡುವಾಗ ಉದ್ಯಾನಕ್ಕೆಂದು ಒಂದಿಷ್ಟು ಜಾಗ ಬಿಟ್ಟು ಸ್ಥಳೀಯ ಸಂಸ್ಥೆಗೆ ಒಪ್ಪಿಸಬೇಕೆಂಬ ನಿಯಮವಿದೆ. ಒಪ್ಪಿಸುವುದು ಬಹುಪಾಲು ಮನೆ ಕಟ್ಟಲಾಗದ ಮೂಲೆಯನ್ನೇ: ನೀರು ನಿಲ್ಲುವ ತಗ್ಗು, ಇಲ್ಲವೇ ಕಡಿದಾದ ಇಳಿಜಾರು. ಗಿಡಮರಗಳಿಗೆ ಇದರಿಂದ ನಷ್ಟವೇನೂ ಇಲ್ಲ. ನಷ್ಟ ಆರಂಭವಾಗುವುದು ಆ ಜಾಗವನ್ನು ‘ಅಭಿವೃದ್ಧಿ’ಪಡಿಸಲು ಹೊರಟಾಗ.

ಉದ್ಯಾನವೆಂದರೆ ಹುಲ್ಲುಹಾಸು, ಸುತ್ತ ಇಂಟರ್‌ಲಾಕ್ ಹೆಂಚಿನ ದಾರಿ, ನಡುವೆ ಕಾರಂಜಿ ಎಂಬ ಕಲ್ಪನೆ ಎಲ್ಲಿಂದಲೋ ಬಂದು ಗುತ್ತಿಗೆಯ ಅಂದಾಜುಪಟ್ಟಿಯಲ್ಲಿ ಕುಳಿತುಬಿಟ್ಟಿದೆ. ಇದರ ನೀರಿನ ಲೆಕ್ಕವನ್ನು ಯಾರೂ ಹಾಕಿದಂತೆ ಕಾಣುವುದಿಲ್ಲ. ಒಂದು ಚದರ ಮೀಟರ್ ನೆಲಕ್ಕೆ ಒಂದು ಮಿಲಿಮೀಟರ್ ನೀರೆಂದರೆ ಒಂದು ಲೀಟರ್. ಬೇಸಿಗೆಯಲ್ಲಿ ಹುಲ್ಲುಹಾಸು ಹಸಿರಾಗಿರಬೇಕಾದರೆ ದಿನಕ್ಕೆ ಸುಮಾರು 4 ಮಿ.ಮೀ. ನೀರು ಬೇಕು. ಒಂದು ಗುಂಟೆಯೆಂದರೆ ಸುಮಾರು 101 ಚದರ ಮೀಟರ್. ಹತ್ತು ಗುಂಟೆಯ ಪುಟ್ಟ ಉದ್ಯಾನ ದಿನವೊಂದಕ್ಕೆ 4000 ಲೀಟರ್ ಕುಡಿಯುತ್ತದೆ. ಒಳಚರಂಡಿ ಇರುವ ಊರುಗಳಲ್ಲಿ ತಲೆಗೆ 135 ಲೀಟರ್ ಎಂಬ ಸರ್ಕಾರಿ ಮಾನದಂಡ ಹಿಡಿದರೆ ಇದು ಸುಮಾರು 30 ಜನರ ದಿನದ ನೀರು. ಶಿರಸಿ, ತೀರ್ಥಹಳ್ಳಿಯಂತಹ ಊರುಗಳಲ್ಲಿ ವರ್ಷಕ್ಕೆ 2000 ಮಿ.ಮೀ.ಗೂ ಮೀರಿ ಮಳೆ ಸುರಿದರೂ ಅದರ ಬಹುಭಾಗ ಮಳೆಗಾಲದ ನಾಲ್ಕು ತಿಂಗಳಿಗೇ ಮುಗಿಯುತ್ತದೆ. ಮಾರ್ಚ್ ಬಂತೆಂದರೆ ಬಾವಿಗಳ ತಳ ಕಾಣುತ್ತದೆ. ಇಂಗಬೇಕಾದ ಮಳೆನೀರನ್ನು ಹೆಂಚು ಹಾಸಿ ಚರಂಡಿಗೆ ಓಡಿಸಿ, ಅದೇ ಜಾಗಕ್ಕೆ ಬೇಸಿಗೆಯಲ್ಲಿ ಟ್ಯಾಂಕರ್ ತರಿಸುವುದು ಯಾವ ಜಾಣತನ? ಅಂದಹಾಗೆ, ಆ ಹೆಂಚಿನ ಮೇಲೆ ಆಷಾಢದಲ್ಲಿ ಪಾಚಿ ಕಟ್ಟಿದರೆ ಮುದುಕರು ಕಾಲಿಡುವಂತಿಲ್ಲ.

ಮರಗಳ ಆಯ್ಕೆಯೂ ಹೀಗೆಯೇ. ಕೆಂಪು ಹೂವಿನ ನೀರುಕಾಯಿ ಮರವನ್ನು ಅಂದಕ್ಕೆಂದು ನೆಡಲಾಗುತ್ತದೆ. ಆಫ್ರಿಕದಿಂದ ಬಂದ ಈ ಮರ ಜಗತ್ತಿನ ಅತ್ಯಂತ ಹಾನಿಕರ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಅದರ ಹೂವಿನೊಳಗೆ ಮುಜಂಟಿ ಜಾತಿಯ ಜೇನುಗಳು ಸತ್ತು ಬಿದ್ದಿರುವುದನ್ನು ಬ್ರೆಜಿಲ್ಲಿನ ಸಂಶೋಧಕರು ದಾಖಲಿಸಿದ್ದಾರೆ. ಸುರಗಿ, ರಂಜ, ಮುರುಗಲು, ನೇರಳೆ ಇದೇ ಮಣ್ಣಿನಲ್ಲಿ ಬೆಳೆದವು. ಬೇರೂರುವವರೆಗೆ ಎರಡು ಮೂರು ಬೇಸಿಗೆ ನೀರುಣಿಸಿದರೆ ಮುಂದೆ ತಮ್ಮನ್ನು ತಾವೇ ನೋಡಿಕೊಳ್ಳುತ್ತವೆ.

ಉದುರಿದ ಎಲೆಯನ್ನು ಬೆಳಗಾಗೆದ್ದು ಗುಡಿಸಿ ಸುಡುವುದಂತೂ ಮಲೆನಾಡಿನವರು ಮಾಡಬಾರದ ಕೆಲಸ. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನಬೆಟ್ಟದ ಸವಲತ್ತು ದೊರೆತದ್ದು ಸೊಪ್ಪು, ದರಕುಗಳ ಬೆಲೆ ತಿಳಿದಿದ್ದರಿಂದಲೇ. ಉದ್ಯಾನದ ಕಸವನ್ನು ಸಾಧ್ಯವಾದಷ್ಟು ಉದ್ಯಾನದಲ್ಲಿಯೇ ಸಂಸ್ಕರಿಸಬೇಕೆಂದು 2016ರ ಘನತ್ಯಾಜ್ಯ ನಿಯಮಗಳೂ ಸ್ಥಳೀಯ ಸಂಸ್ಥೆಗಳಿಗೆ ಹೇಳಿದ್ದವು. ಮೂಲೆಯಲ್ಲೊಂದು ಗೊಬ್ಬರಗುಂಡಿ ತೆಗೆಯಲು ಟೆಂಡರು ಬೇಕಿಲ್ಲ.

ಕಾನೂನಿನ ಬಲ ಇಲ್ಲವೆನ್ನುವಂತಿಲ್ಲ. ಉದ್ಯಾನ, ಆಟದ ಬಯಲು, ತೆರೆದ ಸ್ಥಳಗಳ ಸಂರಕ್ಷಣೆಗೆಂದು ಕರ್ನಾಟಕದಲ್ಲಿ 1985ರಲ್ಲಿಯೇ ಅಧಿನಿಯಮ ಬಂದಿದೆ. ಅವುಗಳ ಪಟ್ಟಿ ತಯಾರಿಸುವ ಹೊಣೆ ಅಧಿಕಾರಿಗಳದು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಾದ ಜಾಗವನ್ನು ಆಸ್ಪತ್ರೆಗೆಂದು ಖಾಸಗಿ ಟ್ರಸ್ಟೊಂದಕ್ಕೆ ಕೊಟ್ಟಾಗ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯ ನಿವಾಸಿಗಳ ಪರವಾಗಿ ತೀರ್ಪಿತ್ತಿತು. ಆಸ್ಪತ್ರೆಯೂ ಜನೋಪಯೋಗಿಯೇ, ಆದರೂ ಅದು ಉದ್ಯಾನಕ್ಕೆ ಬದಲಿಯಾಗಲಾರದು ಎಂಬುದೇ ಅದರ ತಿರುಳು. ಸಮುದಾಯ ಭವನ, ನೀರಿನ ಟ್ಯಾಂಕು, ಗುಡಿ ಎಂದು ಒಂದೊಂದಾಗಿ ಉದ್ಯಾನದ ಜಾಗಕ್ಕೆ ಕಾಲಿಡುವ ಸಣ್ಣ ಊರುಗಳು ಈ ತೀರ್ಪನ್ನು ಓದಬೇಕು.

ಆದರೆ ನ್ಯಾಯಾಲಯ ಗಿಡಕ್ಕೆ ನೀರೆರೆಯುವುದಿಲ್ಲ. ವಾರ್ಡ್ ಸಮಿತಿಗಳನ್ನು ಸಂವಿಧಾನ ಕಡ್ಡಾಯಗೊಳಿಸಿರುವುದು 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಮಾತ್ರ. ಪಟ್ಟಣ ಪಂಚಾಯಿತಿ, ಪುರಸಭೆಗಳು ಇದರ ಹೊರಗೆ. ಹಾಗಾಗಿ ನಿರ್ವಹಣೆಯನ್ನು ಬಡಾವಣೆಯ ನಿವಾಸಿಗಳ ಸಂಘಕ್ಕೆ ವಹಿಸಿಕೊಡುವುದೇ ಉಳಿದ ದಾರಿ. ಇದರಲ್ಲೊಂದು ಅಪಾಯವಿದೆ. ಉದ್ಯಾನ ಕೈಗೆ ಬಂದ ಕೂಡಲೇ ಸಂಘಗಳು ಮೊದಲು ಕೊಳ್ಳುವುದು ಬೀಗ. ಬೆಳಿಗ್ಗೆ, ಸಂಜೆ ಎರಡೆರಡು ಗಂಟೆ ವಾಯುವಿಹಾರಿಗಳಿಗೆ ಬಾಗಿಲು ತೆರೆದು, ನಡುಮಧ್ಯಾಹ್ನ ನೆರಳು ಅರಸುವ ಗಾರೆ ಕೆಲಸದವರನ್ನೂ ಮನೆಗೆಲಸದ ಹೆಂಗಸರ ಮಕ್ಕಳನ್ನೂ ಹೊರಗಿಡುವುದು ಸಾರ್ವಜನಿಕ ಉದ್ಯಾನವೆನಿಸದು. ಆದ್ದರಿಂದ ಒಡೆತನ, ವೇತನದ ಹಣ, ಲೆಕ್ಕ ತಪಾಸಣೆ ಸ್ಥಳೀಯ ಸಂಸ್ಥೆಯಲ್ಲಿಯೇ ಉಳಿಯಬೇಕು. ದಿನನಿತ್ಯದ ಆರೈಕೆ ಮಾತ್ರ ಸಂಘದ್ದಾಗಬೇಕು. ಹಗಲೆಲ್ಲ ಬಾಗಿಲು ತೆರೆದಿರಬೇಕೆಂಬುದು ಕರಾರಿನಲ್ಲಿ ಬರಹದಲ್ಲಿರಬೇಕು.

ಮೊದಲು ಉದ್ಯಾನ ಎಷ್ಟು ಉಳಿದಿದೆಯೆಂದು ತಿಳಿಯಬೇಕಲ್ಲ. ಮಂಜೂರಾದ ಬಡಾವಣೆಯ ನಕ್ಷೆಯನ್ನು 2005ರ ಮಾಹಿತಿ ಹಕ್ಕು ಕಾಯಿದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಯಾರು ಬೇಕಾದರೂ ಕೇಳಬಹುದು. ಅರ್ಜಿಗೆ 30 ದಿನಗಳೊಳಗೆ ಉತ್ತರ ಬರಬೇಕು. ನಕ್ಷೆ ಕೈಗೆ ಬಂದರೆ ಒಂದು ಅಳತೆಪಟ್ಟಿ ಹಿಡಿದು ಕಾಲೇಜಿನ ನಾಲ್ಕು ವಿದ್ಯಾರ್ಥಿಗಳು ಒಂದು ಭಾನುವಾರದಲ್ಲಿ ಗಡಿ ಅಳೆದು, ಒಳಗಿನ ಮರಗಳನ್ನು ಹೆಸರು ಹಿಡಿದು ಎಣಿಸಿ ಮುಗಿಸಬಹುದು.