ಗಾಳಿಗೆ ಬಿಟ್ಟ ಗೊಬ್ಬರ ಮಳೆಯಲ್ಲಿ ಮರಳೀತೆ?

ಮುಂಗಾರಿನ ಒಂದು ಹದಮಳೆ ಬಿದ್ದ ಮೂರು ನಾಲ್ಕು ದಿನಕ್ಕೆ ಪೈರು ಹಸಿರೇರುವುದನ್ನು ರೈತ ಬಾಂಧವರೆಲ್ಲ ಕಂಡಿದ್ದೀರಿ. ಬಾವಿ ನೀರಿಗಿಲ್ಲದ ಗುಣ ಮಳೆ ನೀರಿಗಿದೆ ಎಂಬ ಮಾತೂ ಹಳ್ಳಿಗಳಲ್ಲಿದೆ. ಈ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಗಾಳಿಗೆ ಹೋದ ಗೊಬ್ಬರವನ್ನು ಮಳೆ ಹೇಗೂ ಮರಳಿ ತಂದುಕೊಡುತ್ತದೆ ಎಂದು ನಂಬಿ ಕುಳಿತರೆ ಅದು ನಷ್ಟದ ಬೇಸಾಯವೆಂದೇ ನನ್ನ ಅಭಿಪ್ರಾಯ.

ಮಳೆ ಗಾಳಿಯಲ್ಲಿರುವುದನ್ನು ಎರಡು ಕಡೆ ಎತ್ತಿಕೊಳ್ಳುತ್ತದೆ. ಮೊದಲನೆಯದು ಮೋಡದಲ್ಲಿ. ನೀರಾವಿ ಹನಿಯಾಗಲು ಒಂದು ಆಸರೆ ಬೇಕು. ಮಣ್ಣಿನ ದೂಳು, ಸಮುದ್ರದ ಉಪ್ಪು, ಹೊಗೆಯ ಕಣ ಇವೇ ಆ ಆಸರೆ. ಎಂದರೆ ಹನಿ ಹುಟ್ಟುವಾಗಲೇ ಅದರೊಳಗೆ ಪರವಸ್ತುವಿರುತ್ತದೆ. ಇಂತಹ ಸುಮಾರು ಹತ್ತು ಲಕ್ಷ ಕಿರುಹನಿಗಳು ಕೂಡಿದರೆ 2 ಮಿ.ಮೀ. ಗಾತ್ರದ ಒಂದು ಮಳೆಹನಿಯಾಗುತ್ತದೆ. ಹೊಲದಿಂದ ಏರಿದ ಅಮೋನಿಯ ಈ ಹನಿಗಳಲ್ಲಿ ಕರಗುತ್ತದೆ. ಕಲ್ಲಿದ್ದಲು ಉರಿದಾಗ ಹೊರಟ ಗಂಧಕದ ಡೈಆಕ್ಸೈಡ್ ಹನಿಯೊಳಗೆ ಗಂಧಕಾಮ್ಲವಾಗುತ್ತದೆ. ಎರಡನೆಯದು ಮೋಡದ ಕೆಳಗೆ. ಬೀಳುವ ಹನಿ ದಾರಿಯಲ್ಲಿ ಸಿಕ್ಕಿದ ದೂಳು, ಮಸಿಗಳನ್ನು ಬಡಿದು ಜೊತೆಗೆ ತರುತ್ತದೆ. ಆದುದರಿಂದಲೇ ಮಳೆಯ ಮೊದಲ ಕೆಲವು ನಿಮಿಷಗಳ ನೀರು ಹೆಚ್ಚು ಕೊಳೆ. ಆದರೂ ಅತಿ ಸಣ್ಣ ಹೊಗೆಕಣಗಳು ಬೀಳುವ ಹನಿಯ ಸುತ್ತ ಗಾಳಿಯೊಡನೆ ಸರಿದು ತಪ್ಪಿಸಿಕೊಳ್ಳುತ್ತವೆ. ಮಳೆ ಎಲ್ಲವನ್ನೂ ತೊಳೆಯಲಾರದು.

ಹಾಗಾದರೆ ಮಳೆ ತರುವ ಸಾರಜನಕ ಎಷ್ಟು? ಈ ಪ್ರಶ್ನೆ ಹಳೆಯದು. ಗಾಳಿಯ ಅಮೋನಿಯವೇ ಬೆಳೆಗೆ ಸಾಕೆಂದು ಜರ್ಮನಿಯ ಲೀಬಿಗ್ ವಾದಿಸಿದ್ದರು. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಲಾಸ್ ಮತ್ತು ಗಿಲ್ಬರ್ಟ್ ಇದನ್ನು ಒಪ್ಪಲಿಲ್ಲ. ಅಲ್ಲಿ 1853ರಲ್ಲಿ ಎಕರೆಯ ಸಾವಿರದಲ್ಲೊಂದು ಭಾಗದಷ್ಟು ಅಗಲದ ಮಳೆಮಾಪಕ ಕಟ್ಟಿ, ಮಳೆ ನೀರನ್ನು ಪರೀಕ್ಷಿಸಿದರು. ಮಳೆ ತರುವ ಸಾರಜನಕ ಬೆಳೆಗೆ ಏನೇನೂ ಸಾಲದೆಂದು ತಿಳಿಯಿತು.

ನೀವೂ ಲೆಕ್ಕ ಹಾಕಬಹುದು. ಒಂದು ಹೆಕ್ಟೇರಿನ ಮೇಲೆ 1 ಮಿ.ಮೀ. ಮಳೆ ಎಂದರೆ 10,000 ಲೀಟರ್ ನೀರು. ಲೀಟರಿಗೆ 1 ಮಿಲಿಗ್ರಾಂ ಸಾರಜನಕವಿದೆ ಎಂದಿಟ್ಟುಕೊಂಡರೆ, ವರ್ಷಕ್ಕೆ 700 ಮಿ.ಮೀ. ಮಳೆಯಲ್ಲಿ ಸಿಗುವುದು 7 ಕಿ.ಗ್ರಾಂ. ಇದು 15 ಕಿ.ಗ್ರಾಂ ಯೂರಿಯಕ್ಕೆ, ಅಂದರೆ 45 ಕಿ.ಗ್ರಾಂ ಚೀಲದ ಮೂರರಲ್ಲೊಂದು ಪಾಲಿಗೆ ಸಮ. ಮಳೆ ಬಿದ್ದ ಮೇಲೆ ಪೈರು ಹಸಿರೇರುವುದಕ್ಕೆ ಬಹುಮಟ್ಟಿಗೆ ಕಾರಣ ಒಣಗಿದ್ದ ಮಣ್ಣು ನೆನೆದು, ಅದರೊಳಗಿನ ಸಾರಜನಕ ಬೇರಿಗೆ ದೊರೆಯುವುದೇ.

ಈಗ ಇನ್ನೊಂದು ಬದಿ ನೋಡಿ. 100 ಕಿ.ಗ್ರಾಂ ಯೂರಿಯದಲ್ಲಿ 46 ಕಿ.ಗ್ರಾಂ ಸಾರಜನಕವಿದೆ. ಬಿಸಿಲು, ಗಾಳಿ ಇರುವಾಗ ಒದ್ದೆ ಮಣ್ಣಿನ ಮೇಲೆ ಎರಚಿ ಹಾಗೆಯೇ ಬಿಟ್ಟರೆ ಕೆಲವೇ ದಿನಗಳಲ್ಲಿ ಅದರ ಒಂದು ಭಾಗ ಅಮೋನಿಯವಾಗಿ ಹಾರಿಹೋಗುತ್ತದೆ. ಸುಣ್ಣದ ಅಂಶವಿರುವ ಕಪ್ಪು ಭೂಮಿಯಲ್ಲಿ ಈ ನಷ್ಟ ಹೆಚ್ಚು. ಐದರಲ್ಲಿ ಒಂದು ಪಾಲು ಹೋದರೂ ಅದು 9 ಕಿ.ಗ್ರಾಂ, ಮಳೆ ವರ್ಷವಿಡೀ ತಂದದ್ದಕ್ಕಿಂತ ಹೆಚ್ಚು. ಹೋದದ್ದು ನಿಮ್ಮ ಹೊಲಕ್ಕೇ ಮರಳುವ ಭರವಸೆಯೂ ಇಲ್ಲ. ಅದು ಪಕ್ಕದ ಊರಿನ ಕೆರೆಗೆ ಬಿದ್ದು ಪಾಚಿ ಬೆಳೆಸಬಹುದು. ಗಾಳಿಯಲ್ಲಿ ಗಂಧಕಾಮ್ಲದೊಡನೆ ಸೇರಿ, ಉಸಿರಿಗೆ ಕೆಡುಕಾದ ಸೂಕ್ಷ್ಮ ಕಣವಾಗಬಹುದು.

ಕಬ್ಬಿನ ರವದಿ ಸುಡುವುದೂ ಇದೇ ಲೆಕ್ಕ. ಬೂದಿಯೂ ಗೊಬ್ಬರವೇ ಎಂಬ ಮಾತು ಅರ್ಧ ನಿಜ. ಪೊಟ್ಯಾಷ್ ಬಹುಪಾಲು ಬೂದಿಯಲ್ಲಿ ಉಳಿಯುತ್ತದೆ. ಸಾರಜನಕದ ಹೆಚ್ಚಿನ ಪಾಲು, ಗಂಧಕದ ಒಂದು ಪಾಲು ಹೊಗೆಯೊಡನೆ ಹೋಗುತ್ತವೆ. ಆಳು ಸಿಗುವುದಿಲ್ಲ, ಕೂಳೆ ಬೆಳೆಗೆ ಹೊತ್ತಾಗುತ್ತದೆ ಎಂಬ ನಿಮ್ಮ ಕಷ್ಟ ಸುಳ್ಳಲ್ಲ. ಆದರೂ ರವದಿಯನ್ನು ಸಾಲು ಬಿಟ್ಟು ಸಾಲಿಗೆ ಹೊದಿಸುವುದು, ನಾಲ್ಕಾರು ಜನ ಸೇರಿ ಪುಡಿಮಾಡುವ ಯಂತ್ರವನ್ನು ಬಾಡಿಗೆಗೆ ತರುವುದು ಆಗದ ಕೆಲಸವೇನಲ್ಲ.

ಗಂಧಕದ ವಿಷಯದಲ್ಲಿ ಯುರೋಪಿನ ಅನುಭವ ನಮಗೆ ಪಾಠ. ಅಲ್ಲಿ ಬಹುಕಾಲ ಚಿಮಣಿಗಳ ಹೊಗೆಯಿಂದ ಮಳೆಯಲ್ಲಿ ಗಂಧಕ ಧಾರಾಳವಾಗಿ ಬೀಳುತ್ತಿತ್ತು. ಕೆರೆ, ಕಾಡುಗಳಿಗೆ ಹಾನಿಯಾದ್ದರಿಂದ ಹೊಗೆಗೆ ಕಡಿವಾಣ ಹಾಕಿದರು. 1980ರ ದಶಕದಿಂದೀಚೆಗೆ ಸಾಸಿವೆ ಜಾತಿಯ ಎಣ್ಣೆಕಾಳು ಬೆಳೆಗಳಲ್ಲಿ ಗಂಧಕದ ಕೊರತೆ ಕಾಣಿಸಿಕೊಂಡು, ರೈತರು ಅದನ್ನು ಗೊಬ್ಬರವಾಗಿ ಕೊಡಬೇಕಾಯಿತು. ನಮ್ಮಲ್ಲಿಯೂ 2009ರಲ್ಲಿ ಆರಂಭವಾದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳಲ್ಲಿ ಅನೇಕ ಹೊಲಗಳಲ್ಲಿ ಗಂಧಕ ಕಡಿಮೆ ಇರುವುದು ಕಂಡುಬಂದಿತು. ಮಳೆಯನ್ನು ನಂಬದೆ, ಮಣ್ಣು ಪರೀಕ್ಷೆಯಂತೆ ಕಡಲೆಕಾಯಿ ಮೊದಲಾದ ಬೆಳೆಗಳಿಗೆ ಜಿಪ್ಸಂ ಕೊಡುವುದೇ ಲೇಸು.

ಗಾಳಿ ಕೆಡಿಸುವವರು ರೈತರಷ್ಟೇ ಅಲ್ಲ. ಕಾರ್ಖಾನೆಯ ಹೊಗೆ, ದೂಳು ಪೈರಿನ ಮೇಲೆ ಕೂರುವ ಊರುಗಳವರು 1981ರ ವಾಯು ಮಾಲಿನ್ಯ ಕಾಯಿದೆಯಂತೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತ ದೂರು ಕೊಡಬೇಕು. ಅದು ನಿಮ್ಮ ಹಕ್ಕು. ಆದರೆ ನಮ್ಮ ಹೊಲದಿಂದ ಏರುವುದನ್ನು ತಡೆಯುವುದು ನಮ್ಮ ಕೈಯಲ್ಲೇ ಇದೆ. ಮೇಲುಗೊಬ್ಬರವಾಗಿ ಯೂರಿಯ ಕೊಡುವಾಗ ಕಂತುಗಳಲ್ಲಿ ಕೊಡಿ, ಸಾಲಿನ ಪಕ್ಕ ಹಾಕಿ ಮಣ್ಣು ಮುಚ್ಚಿ, ಇಲ್ಲವೆ ಕೂಡಲೇ ಹದವಾಗಿ ನೀರು ಹಾಯಿಸಿ. ರವದಿ, ಹುಲ್ಲುಗಳನ್ನು ಸುಡದೆ ಮಣ್ಣಿಗೆ ಸೇರಿಸಿ. ಮನೆಯ ಮಾಳಿಗೆಯ ಮಳೆ ನೀರು ಹಿಡಿಯುವವರು ಮೊದಲ ನೀರನ್ನು ಹೊರಗೆ ಬಿಟ್ಟು, ಆಮೇಲಿನದನ್ನು ತೊಟ್ಟಿಗೆ ತುಂಬಿ. ದುಡ್ಡು ಕೊಟ್ಟು ತಂದ ಸಾರಜನಕ ಇರಬೇಕಾದ್ದು ಬೇರಿನ ಬಳಿ, ಮೋಡದಲ್ಲಲ್ಲ.